ಅಕ್ಷರದಲ್ಲಿ ಕೊರೆದ ಗುಹೆ

ಟಿ.ವಿ.ಗೆ ಜೋಡಿಸಿ ಆಡುವ ವೀಡಿಯೊ ಗೇಮ್ ಕ್ಯಾಸೆಟ್ಟುಗಳು 1990ರ ದಶಕದಲ್ಲಿ ನಮ್ಮ ಊರುಗಳಿಗೂ ಬಂದವು. ಅವನ್ನು ಆಡಿದವರಿಗೆ ಮೀಸೆಯ ಮಾರಿಯೊನನ್ನು ಪರಿಚಯಿಸಬೇಕಾಗಿಲ್ಲ. ಕೆಂಪು ಟೋಪಿಯ ಈ ಕೊಳಾಯಿ ರಿಪೇರಿಯವನು ಪರದೆಯ ಎಡಗಡೆ ನಿಂತಿರುತ್ತಾನೆ. ಬಲಗಡೆಗೆ ಬರೀ ಬಯಲು. ಯಾವ ಕಡೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹುಬ್ಬು ಗಂಟಿಕ್ಕಿಕೊಂಡ ಅಣಬೆಯಂಥ ಪ್ರಾಣಿಯೊಂದು ಎದುರಾಗುತ್ತದೆ. ಸುಮ್ಮನೆ ನಿಂತರೆ ಸಾವು. ಸತ್ತರೂ ನಷ್ಟವಾಗುವುದು ಕೆಲವೇ ಸೆಕೆಂಡು. ಎರಡನೆಯ ಸಲ ಮಗು ಗುಂಡಿ ಒತ್ತಿ ಹಾರುತ್ತದೆ. ಹಾರಿದಾಗ ತಲೆ ಮೇಲಿನ ಇಟ್ಟಿಗೆಗೆ ತಗಲುತ್ತದೆ, ಅದರಿಂದ ನಾಣ್ಯ ಚಿಮ್ಮುತ್ತದೆ. ಇನ್ನೊಂದು ಇಟ್ಟಿಗೆಯಿಂದ ನಿಜವಾದ ಅಣಬೆಯೇ ಬಂದು ಬಲಕ್ಕೆ ಜಾರಿ, ಕೆಳಗೆ ಬಿದ್ದು, ಕೊಳವೆಗೆ ಡಿಕ್ಕಿ ಹೊಡೆದು ಮಾರಿಯೊನ ಕಡೆಗೇ ತಿರುಗಿ ಬರುತ್ತದೆ. ಹೆದರಿದ ಮಗು ತಪ್ಪಿಸಿಕೊಳ್ಳಲು ಹಾರಿದರೆ ತಲೆಯ ಮೇಲಿನ ಇಟ್ಟಿಗೆ ಸಾಲು ಬಿಡದು. ಅಣಬೆ ಮೈಗೆ ತಾಗಿಯೇ ಬಿಡುತ್ತದೆ. ಆದದ್ದೇನು? ಮಾರಿಯೊ ಎರಡಾಳು ಎತ್ತರ ಬೆಳೆದ!

ಇದೇ ಹಂತದ ಕೊನೆಗೆ ಬರುವ ಮೆಟ್ಟಿಲುಗಳನ್ನು ಗಮನಿಸಿ. ಎದುರುಬದುರಾಗಿ ಎರಡು ಮೆಟ್ಟಿಲ ಗುಡ್ಡೆ, ನಡುವೆ ಗಟ್ಟಿ ನೆಲ. ಹಾರುವುದು ತಪ್ಪಿದರೂ ಏನೂ ಆಗುವುದಿಲ್ಲ. ಸ್ವಲ್ಪ ಮುಂದೆ ಅಂಥದೇ ಜೋಡಿ, ಆದರೆ ಈಗ ನಡುವೆ ಪ್ರಪಾತ. ಅಭ್ಯಾಸ ಮೊದಲು, ಪರೀಕ್ಷೆ ಆಮೇಲೆ. ಜಪಾನಿನ ನಿಂಟೆಂಡೊ ಕಂಪನಿ 1985ರ ಸೆಪ್ಟೆಂಬರಿನಲ್ಲಿ ಹೊರತಂದ ಈ ಆಟವನ್ನು ರೂಪಿಸಿದವರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ. ಇಡೀ ಆಟದ ಗಾತ್ರ 40 ಕಿಲೋಬೈಟು. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಒಂದು ಅಕ್ಷರದ ಸೂಚನೆಯಿಲ್ಲದೆ ಒಂದೂವರೆ ನಿಮಿಷದಲ್ಲಿ ಇಷ್ಟು ಪಾಠ ಕಲಿಸುವುದನ್ನು ಕಂಡು ಮೇಷ್ಟರುಗಳು ತುಸು ಅಸೂಯೆಪಟ್ಟರೂ ತಪ್ಪಿಲ್ಲ.

ಮಿಯಾಮೊಟೊ ಬೆಳೆದದ್ದು ಕ್ಯೋಟೋ ಬಳಿಯ ಸೊನೊಬೆ ಎಂಬ ಊರಿನಲ್ಲಿ. ಹುಡುಗನಾಗಿದ್ದಾಗ ಗುಡ್ಡದಲ್ಲಿ ಗುಹೆಯೊಂದನ್ನು ಕಂಡು, ದೀಪ ಹಿಡಿದು ಒಳಹೊಕ್ಕ ನೆನಪೇ 1986ರ ‘ಜೆಲ್ಡಾ’ ಆಟಕ್ಕೆ ಪ್ರೇರಣೆಯಾಯಿತೆಂದು ಆತ ಹೇಳಿಕೊಂಡಿದ್ದಾನೆ. ಆದರೆ ಕಂಪ್ಯೂಟರ್ ಆಟಗಳ ಗುಹೆಗಳಿಗೆಲ್ಲ ಹಿರಿಯಜ್ಜಿಯಂಥ ಒಂದು ಗುಹೆಯಿದೆ. ಅದು ಅಮೆರಿಕದ ಕೆಂಟಕಿ ರಾಜ್ಯದಲ್ಲಿದೆ.

ಅದರ ಹೆಸರು ಮ್ಯಾಮತ್ ಗುಹೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಕಾರ್ಬೋನಿಕ್ ಆಮ್ಲವಾಗುತ್ತದೆ. ಸೋಡಾ ಬಾಟಲಿಯಲ್ಲಿರುವುದೂ ಇದೇ ಆಮ್ಲ. ಅದು ಲಕ್ಷಾಂತರ ವರ್ಷ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದಿಳಿದು ಕಲ್ಲನ್ನು ಕರಗಿಸಿ ಓಣಿಗಳನ್ನು ಕೊರೆದಿದೆ. ಮೇಲೆ ಮರಳುಗಲ್ಲಿನ ಮುಚ್ಚಳವಿರುವುದರಿಂದ ಮಾಳಿಗೆ ಕುಸಿದಿಲ್ಲ. ಒಳಗೆ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ. ವರ್ಷವಿಡೀ ಸುಮಾರು 12 ಡಿಗ್ರಿ ಸೆಲ್ಸಿಯಸ್. ಇದುವರೆಗೆ ಅಳೆದು ನಕ್ಷೆ ಮಾಡಿರುವ ಓಣಿಗಳ ಉದ್ದವೇ 640 ಕಿಲೋಮೀಟರಿಗೂ ಹೆಚ್ಚು. ಜಗತ್ತಿನಲ್ಲಿ ಇದಕ್ಕಿಂತ ಉದ್ದದ ಗುಹೆ ಈವರೆಗೆ ಗೊತ್ತಾಗಿಲ್ಲ.

ವಿಲ್ ಕ್ರೌಥರ್ ಮತ್ತು ಆತನ ಹೆಂಡತಿ ಪೆಟ್ರೀಷಿಯಾ ಇಬ್ಬರಿಗೂ ಈ ಗುಹೆಯ ಹುಚ್ಚು. ರಜೆ ಸಿಕ್ಕರೆ ಕೆಂಟಕಿಗೆ ಹೊರಡುವುದು, ಹೊಟ್ಟೆ ಮೇಲೆ ತೆವಳುತ್ತ ಟೇಪು, ದಿಕ್ಸೂಚಿ ಹಿಡಿದು ಓಣಿಗಳನ್ನು ಅಳೆಯುವುದು. ಮನೆಗೆ ಬಂದ ಮೇಲೆ ಆ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಊಡಿಸಿ ನಕ್ಷೆ ತೆಗೆಯುವುದು. ವಿಲ್‌ಗೆ ಕಂಪ್ಯೂಟರ್ ಹೊಟ್ಟೆಪಾಡಿನ ಕೆಲಸವೂ ಆಗಿತ್ತು. ಇಂದಿನ ಇಂಟರ್‌ನೆಟ್ಟಿಗೆ ಮೂಲವಾದ ಆರ್ಪಾನೆಟ್ ಜಾಲಕ್ಕೆ ಪ್ರೋಗ್ರಾಂ ಬರೆದವರಲ್ಲಿ ಆತನೂ ಒಬ್ಬ.

ಫ್ಲಿಂಟ್ ರಿಜ್ ಎಂಬ ಪಕ್ಕದ ಗುಹೆಯೂ ಮ್ಯಾಮತ್ ಗುಹೆಯೂ ಒಳಗೊಳಗೇ ಕೂಡಿಕೊಂಡಿರಬೇಕೆಂಬ ಗುಮಾನಿ ಬಹಳ ಕಾಲದಿಂದ ಇತ್ತು. ಕೂಡುವ ದಾರಿ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. 1972ರ ಬೇಸಿಗೆಯಲ್ಲಿ ಬೇರೆಯವರು ತೂರಲಾಗದ ಕಿರಿದಾದ ಸಂದಿನಲ್ಲಿ ತೆಳ್ಳನೆಯ ಪೆಟ್ರೀಷಿಯಾ ನುಸುಳಿ ಆಚೆ ದಾಟಿದಳು. ಆ ಜಾಡು ಹಿಡಿದು ಹೊರಟ ತಂಡ ಅದೇ ವರ್ಷ ಸೆಪ್ಟೆಂಬರ್ 9ರಂದು ಕೆಸರು, ನೀರು ದಾಟಿ ಮ್ಯಾಮತ್ ಗುಹೆಯೊಳಗೆ ತಲೆಯೆತ್ತಿತು. ಪೆಟ್ರೀಷಿಯಾ ಆ ತಂಡದಲ್ಲಿದ್ದಳು. ಗುಹೆ ಶೋಧಕರ ಪಾಲಿಗೆ ಇದು ಎವರೆಸ್ಟ್ ಏರಿದಷ್ಟೇ ದೊಡ್ಡ ಸಂಗತಿ.

ಕೆಲವು ವರ್ಷಗಳಲ್ಲಿ ಗಂಡ ಹೆಂಡಿರ ದಾರಿ ಬೇರೆಯಾಯಿತು. ಹೆಂಡತಿಯ ಜೊತೆಗೆ ಗುಹೆಯೂ ವಿಲ್‌ನ ಬದುಕಿನಿಂದ ದೂರವಾಯಿತು. ಇಬ್ಬರು ಹೆಣ್ಣುಮಕ್ಕಳನ್ನು ದಿನವೂ ಕಾಣುವಂತಿಲ್ಲ. ಮಕ್ಕಳು ಬಂದಾಗ ಅವರ ಜೊತೆ ಏನು ಮಾಡುವುದು? 1975-76ರ ಸುಮಾರಿಗೆ ಆತ ಬಿಡುವಿನಲ್ಲಿ ಕುಳಿತು ಕಂಪ್ಯೂಟರಿನೊಳಗೆ ಒಂದು ಗುಹೆ ಕಟ್ಟಿದ. ತಾನು ಅಳೆದು ಬಲ್ಲ ಬೆಡ್‌ಕ್ವಿಲ್ಟ್ ಎಂಬ ಭಾಗದ ಓಣಿಗಳನ್ನೇ ತಂದು ಅದರಲ್ಲಿ ಕೂರಿಸಿದ. ‘ಅಡ್ವೆಂಚರ್’ ಎಂಬ ಆ ಆಟದಲ್ಲಿ ಒಂದೇ ಒಂದು ಚಿತ್ರವಿಲ್ಲ. ನೀವು ಎಲ್ಲಿದ್ದೀರಿ, ಸುತ್ತ ಏನಿದೆ ಎಂದು ಯಂತ್ರ ಎರಡು ಸಾಲು ಬರೆದು ತೋರಿಸುತ್ತದೆ. ನೀವು ‘ದೀಪ ತಗೋ’, ‘ಪಶ್ಚಿಮಕ್ಕೆ ಹೋಗು’ ಎಂಬಂತೆ ಒಂದೆರಡು ಇಂಗ್ಲಿಷ್ ಪದ ಬೆರಳಚ್ಚು ಮಾಡಬೇಕು. ರಸ್ತೆಯ ಕೊನೆಯಲ್ಲಿ ಇಟ್ಟಿಗೆಯ ಚಿಕ್ಕ ಕಟ್ಟಡ, ಅದರೊಳಗೆ ನೀರಿನ ಊಟೆ, ತೊರೆಯ ಗುಂಟ ನಡೆದರೆ ನೆಲದಲ್ಲಿ ಬೀಗ ಹಾಕಿದ ಕಬ್ಬಿಣದ ಜಾಲರಿ. ಅದರ ಕೆಳಗೆ ಗುಹೆ.

ಒಳಗೊಂದು ಹಕ್ಕಿಯಿದೆ. ಪಂಜರ ಹಿಡಿದು ಹೋದರೂ ಕೆಲವರ ಕೈಗೆ ಸಿಕ್ಕುವುದಿಲ್ಲ. ಏಕೆಂದರೆ ಅವರ ಕೈಯಲ್ಲಿ ಕಪ್ಪು ಕೋಲೊಂದಿದೆ, ಹಕ್ಕಿ ಅದಕ್ಕೆ ಹೆದರುತ್ತದೆ. ಕೋಲು ಕೆಳಗಿಟ್ಟರೆ ಹಕ್ಕಿ ಪಂಜರದೊಳಗೆ. ಮುಂದೆ ದಾರಿಗೆ ಅಡ್ಡಲಾಗಿ ಹಾವು ಮಲಗಿರುವಲ್ಲಿ ಹಕ್ಕಿಯನ್ನು ಬಿಟ್ಟರೆ ಅದೇ ಹಾವನ್ನು ಓಡಿಸುತ್ತದೆ. ಬೇರೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡುವುದು ಪ್ರಯೋಗಾಲಯದ ಮೊದಲ ನಿಯಮವಲ್ಲವೆ? ಇಲ್ಲಿ ಅದನ್ನು ಹಕ್ಕಿ ಕಲಿಸುತ್ತದೆ.

ಹಳಬರು ಇಂದಿಗೂ ನೆನೆಯುವುದು ಚಕ್ರವ್ಯೂಹದಂಥ ಒಂದು ಭಾಗವನ್ನು. ಯಾವ ಕಡೆ ಹೊರಳಿದರೂ ಯಂತ್ರ ಅದೇ ವಾಕ್ಯ ಬರೆಯುತ್ತದೆ. ಮುಂದೆ ಹೋದಿರೋ, ಇದ್ದಲ್ಲೇ ಸುತ್ತಿದಿರೋ ತಿಳಿಯದು. ದೀಪದ ಬ್ಯಾಟರಿ ಬೇರೆ ಸವೆಯುತ್ತಿರುತ್ತದೆ. ಬಿಡಿಸಿಕೊಳ್ಳುವ ಉಪಾಯ ಸರಳ. ಕೈಲಿರುವ ವಸ್ತುಗಳನ್ನು ಒಂದೊಂದು ಕೋಣೆಯಲ್ಲಿ ಒಂದೊಂದಾಗಿ ಇಟ್ಟುಹೋಗುವುದು. ಪಂಜರ ಕಂಡರೆ ಇದು ಮೊದಲಿನ ಕೋಣೆ, ಕೋಲು ಕಂಡರೆ ಎರಡನೆಯದು. ಆಡುವವನ ಪಕ್ಕದ ಹಾಳೆಯಲ್ಲಿ ನಕ್ಷೆ ಬೆಳೆಯುತ್ತ ಹೋಗುತ್ತದೆ. ಕ್ರೌಥರ್ ದಂಪತಿ ಟೇಪು ಹಿಡಿದು ಮಾಡಿದ್ದೂ ಇದನ್ನೇ.

ಆಟದ ಲೋಕದೊಳಗೆ ಜನ ಮುಳುಗಿಹೋಗುವುದೇಕೆ ಎಂಬುದಕ್ಕೆ ಚಿತ್ರದ ಸೊಗಸು ಕಾರಣ ಎನ್ನುವವರುಂಟು. ಚಿತ್ರವೇ ಇಲ್ಲದ ಈ ಗುಹೆ ಬೇರೆ ಉತ್ತರ ಕೊಡುತ್ತದೆ. ಇಲ್ಲಿ ಇಟ್ಟ ವಸ್ತು ಇಟ್ಟಲ್ಲೇ ಇರುತ್ತದೆ. ನೀವು ಬೆನ್ನು ತಿರುಗಿಸಿ ನೂರು ಹೆಜ್ಜೆ ಹೋಗಿ ಬಂದರೂ ಪಂಜರ ಅಲ್ಲೇ ಇದೆ. ಒಮ್ಮೆ ತೆರೆದ ಜಾಲರಿ ತೆರೆದೇ ಇರುತ್ತದೆ. ನಿಯಮ ಮಾತಿಗೆ ತಪ್ಪದಿದ್ದರೆ ಅದು ಜಗತ್ತೇ ಎಂದು ಮನಸ್ಸು ಒಪ್ಪಿಬಿಡುತ್ತದೆ, ಉಳಿದ ಬಣ್ಣವನ್ನು ತಾನೇ ತುಂಬಿಕೊಳ್ಳುತ್ತದೆ. 2017ರಲ್ಲಿ ಬಂದ ಜೆಲ್ಡಾ ಆಟದ ಹೊಸ ಕಂತಿನಲ್ಲಿ ಮಳೆ ಬಂದರೆ ಬಂಡೆ ಜಾರುತ್ತದೆ, ಗುಡುಗಿನ ವೇಳೆ ಲೋಹದ ಕತ್ತಿ ಹೊತ್ತವನಿಗೆ ಸಿಡಿಲು ಬಡಿಯುತ್ತದೆ. ಜನ ಮೆಚ್ಚಿದ್ದು ಅದನ್ನೇ. ಇದಕ್ಕೆ ಪ್ರತಿಯಾಗಿ, ಎಷ್ಟೋ ದುಬಾರಿ ಆಟಗಳಲ್ಲಿ ಬೆಟ್ಟ, ಕಾಡು, ನಗರ ಎಲ್ಲ ಇದ್ದೂ ಮೂಲೆಯಲ್ಲೊಂದು ಬಾಣದ ಗುರುತು ‘ಹೀಗೆ ಬಾ’ ಎಂದು ಎಳೆಯುತ್ತಿರುತ್ತದೆ. ಬಾಣ ನೋಡುವವನು ಬೆಟ್ಟವನ್ನೇಕೆ ನೋಡುತ್ತಾನೆ?

ಕ್ರೌಥರನ ಆಟ ಆತನೇ ಕಟ್ಟಲು ನೆರವಾದ ಜಾಲದ ಮೂಲಕ ಊರೂರಿಗೆ ಹರಿಯಿತು. ಸ್ಟ್ಯಾನ್‌ಫರ್ಡಿನಲ್ಲಿ ಡಾನ್ ವುಡ್ಸ್ ಎಂಬ ವಿದ್ಯಾರ್ಥಿಯ ಕಣ್ಣಿಗೆ ಬಿತ್ತು. ಬರೆದವರ ವಿಳಾಸ ತಿಳಿಯದ ಆತ ಜಾಲದಲ್ಲಿದ್ದ ಪ್ರತಿಯೊಂದು ಕಂಪ್ಯೂಟರಿಗೂ ‘ಕ್ರೌಥರ್’ ಹೆಸರಿಗೆ ಮಿಂಚಂಚೆ ಕಳಿಸಿದ. ಆಗ ಜಾಲ ಅಷ್ಟು ಚಿಕ್ಕದಿತ್ತು! ಅನುಮತಿ ಪಡೆದು 1977ರಲ್ಲಿ ಇನ್ನಷ್ಟು ನಿಧಿ, ಒಗಟು, ಜಾದೂ ಸೇರಿಸಿ ಆಟವನ್ನು ಬೆಳೆಸಿದ. ಅದನ್ನು ಆಡಿದ ವಾರೆನ್ ರಾಬಿನೆಟ್ ಅಟಾರಿ ಕಂಪನಿಗಾಗಿ ಅದೇ ಹೆಸರಿನ ಚಿತ್ರದ ಆಟ ಮಾಡಿದ, ಬರೀ 4 ಕಿಲೋಬೈಟಿನಲ್ಲಿ. ಆಟದ ಮೇಲೆ ಬರೆದವನ ಹೆಸರು ಹಾಕದಿರುವುದು ಆ ಕಂಪನಿಯ ಪದ್ಧತಿ. ರಾಬಿನೆಟ್ ಯಾರಿಗೂ ಹೇಳದೆ ಒಂದು ಗುಪ್ತಕೋಣೆ ಮಾಡಿ ಅದರೊಳಗೆ ತನ್ನ ಹೆಸರು ಬರೆದಿಟ್ಟ. ಆಟ ಮಾರುಕಟ್ಟೆಗೆ ಹೋದ ಮೇಲೆ ಹುಡುಗನೊಬ್ಬ ಅದನ್ನು ಹುಡುಕಿ ಕಂಪನಿಗೆ ಕಾಗದ ಬರೆದ.

ಕ್ರೌಥರ್ ಮೊದಲು ಬರೆದ ಪ್ರೋಗ್ರಾಂ ಮಾತ್ರ ಕಳೆದೇಹೋಯಿತೆಂದು ಎಲ್ಲರೂ ತಿಳಿದಿದ್ದರು. ಅದು ವುಡ್ಸ್‌ನ ವಿದ್ಯಾರ್ಥಿ ದಿನಗಳ ಹಳೆಯ ಕಡತಗಳಲ್ಲಿ ಸಿಕ್ಕಿತು. ಡೆನ್ನಿಸ್ ಜೆರ್ಜ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕ 2005ರಲ್ಲಿ ಸ್ವತಃ ಗುಹೆಗೆ ಇಳಿದು ಆಟದ ಸಾಲುಗಳನ್ನೂ ಕಲ್ಲಿನ ಓಣಿಗಳನ್ನೂ ಹೋಲಿಸಿ ನೋಡಿ, 2007ರಲ್ಲಿ ದೀರ್ಘ ಲೇಖನ ಪ್ರಕಟಿಸಿದ. ಆಟದ ಗುಹೆ ಬಹುಮಟ್ಟಿಗೆ ನಿಜವಾದ ಗುಹೆಯೇ ಎಂದು ಅದರಿಂದ ಖಚಿತವಾಯಿತು. ಗುಹೆ ಶೋಧಕರಿಗೆ ಇದು ಮೊದಲೇ ಗೊತ್ತಿತ್ತು. ಒಮ್ಮೆ ಬೆಡ್‌ಕ್ವಿಲ್ಟ್ ಭಾಗವನ್ನು ಅಳೆಯಲು ಹೊರಟ ತಂಡದಲ್ಲಿ ಹೊಸಬಳೊಬ್ಬಳಿದ್ದಳಂತೆ. ಆ ಜಾಗಕ್ಕೆ ಅವಳು ಅದೇ ಮೊದಲ ಸಲ ಬಂದದ್ದು. ಆದರೆ ಆಟವನ್ನು ಎಷ್ಟೋ ಸಲ ಆಡಿದ್ದಳು. ಹಳಬರ ಮುಂದೆ ನಡೆದು, ಕತ್ತಲೆಯ ಓಣಿಗಳಲ್ಲಿ ದಾರಿ ತೋರಿಸಿದವಳು ಅವಳೇ.