ಹೊಸ ಉಪಕರಣ ಬರಲಿ, ಇಮ್ಮಡಿ ದುಡಿಮೆ ಬೇಡ

ಸರ್ಕಾರಿ ಕಚೇರಿಗಳಿಗೆ ಇ-ಆಫೀಸ್ ಬಂದು ವರ್ಷಗಳಾದವು. ಆದರೂ ‘ನಮ್ಮ ನೌಕರರು ಹೊಸದಕ್ಕೆ ಒಗ್ಗುವುದಿಲ್ಲ’ ಎಂಬ ದೂರು ಅಧಿಕಾರಿಗಳ ಬಾಯಲ್ಲಿ ಕೇಳುತ್ತಲೇ ಇದೆ. ಸರ್ಕಾರಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದ ನನಗೆ ಇದು ಅರ್ಧ ಸತ್ಯವಾಗಿ ಕಾಣುತ್ತದೆ. ನೌಕರರಿಗೆ ಬೇಡವಾದದ್ದು ಯಂತ್ರವಲ್ಲ. ಒಂದೇ ಕೆಲಸವನ್ನು ಎರಡೆರಡು ಸಲ ಮಾಡುವ ಶಿಕ್ಷೆ.

ಎನ್‌ಐಸಿ ರೂಪಿಸಿದ ಈ ಇ-ಆಫೀಸ್‌ನಲ್ಲಿ ಕರಡಿಗೆ ಹಳದಿ ಟಿಪ್ಪಣಿ, ಅಂತಿಮ ಅಭಿಪ್ರಾಯಕ್ಕೆ ಹಸಿರು ಟಿಪ್ಪಣಿ. ಹಳದಿಯನ್ನು ತಿದ್ದಬಹುದು, ಕೈಬಿಡಬಹುದು. ಹಸಿರು ಟಿಪ್ಪಣಿಯನ್ನು ಕಳುಹಿಸಿದ ಮೇಲೆ ತಿದ್ದಲಾಗದು. ಕಡತ ಯಾರ ಬಳಿ, ಎಂದಿನಿಂದ ಇದೆ ಎಂಬುದು ದಾಖಲಾಗಿರುತ್ತದೆ. ‘ಹಾಳೆ ಕಳೆದುಹೋಯಿತು’ ಎಂಬ ನೆಪಕ್ಕೆ ಎಡೆಯಿಲ್ಲ. ಪ್ರಾಮಾಣಿಕ ಗುಮಾಸ್ತರಿಗೆ ಇದೊಂದು ದೊಡ್ಡ ರಕ್ಷಣೆ. ಇದನ್ನು ಅವರಿಗೆ ತಿಳಿಸಿ ಹೇಳಿದವರು ಎಷ್ಟು ಮಂದಿ? ಯಾವ ಗುಂಡಿ ಒತ್ತಬೇಕೆಂದು ತರಬೇತಿ ಕೊಡುತ್ತೇವೆ, ಏಕೆ ಒತ್ತಬೇಕೆಂದು ಹೇಳುವುದಿಲ್ಲ.

ನಾನು ಕಂಡ ಒಂದು ಕಚೇರಿಯಲ್ಲಿ ಮೇಲಧಿಕಾರಿಗೆ ಪರದೆಯ ಮೇಲೆ ಓದುವ ಅಭ್ಯಾಸವಿರಲಿಲ್ಲ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಮುದ್ರಿಸಿ, ಕಡತಕ್ಕೆ ಪೋಣಿಸಿ, ಸಹಿ ಹಾಕಿಸಿ, ಅದನ್ನೇ ಮತ್ತೆ ಸ್ಕ್ಯಾನ್ ಮಾಡಿ ಏರಿಸಬೇಕಾಗಿತ್ತು. ಅಲ್ಲಿ ಹೊಸದಕ್ಕೆ ಒಗ್ಗದವರು ಯಾರು? ಗುಮಾಸ್ತರೋ, ಮೇಲೆ ಕುಳಿತವರೋ?

ಇದೇ ನಾಡಿನಲ್ಲಿ ಬೇರೆ ಉದಾಹರಣೆಯೂ ಇದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಗಣಕೀಕರಣ ಮುಗಿದೆಡೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲದಂತಾಯಿತು. ಸಿಬ್ಬಂದಿಯ ಬೆರಳಗುರುತಿಲ್ಲದೆ ದಾಖಲೆ ಬದಲಿಸುವಂತಿರಲಿಲ್ಲ. ಮೊದಲು ಬಂದ ಅರ್ಜಿಗೆ ಮೊದಲ ಸರದಿ. ಹಳೆಯ ಬಾಗಿಲು ಮುಚ್ಚಿತು, ಹೊಸ ಬಾಗಿಲಲ್ಲಿ ಎಲ್ಲರೂ ನಡೆದರು.

ಆದರೆ ಹಳೆಯದನ್ನು ಮುಚ್ಚಿದರಷ್ಟೇ ಸಾಲದು. 2024ರಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದರು. ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿಸಿಕೊಳ್ಳುತ್ತೀರಿ, ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಇಂಟರ್‌ನೆಟ್ ಕೊಡುವುದಿಲ್ಲ ಎಂಬುದು ಅವರ ಅಳಲುಗಳಲ್ಲಿ ಮುಖ್ಯವಾಗಿತ್ತು. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ನೇಗಿಲು ಕೊಡದೆ ಹೊಲ ಉಳು ಎಂದರೆ ಯಾರು ತಾನೆ ಉತ್ತಾರು?

ಕಾಯಕಕ್ಕೆ ಗೌರವ ಎಂದರೆ ಕಾಯಕ ಮಾಡುವವರ ಮಾತಿಗೂ ಗೌರವ. ಅನುಭವ ಮಂಟಪದಲ್ಲಿ ದೋಣಿ ನಡೆಸುವವರೂ ಕಟ್ಟಿಗೆ ಮಾರುವವರೂ ಸಮನಾಗಿ ಕುಳಿತರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ನಮ್ಮ ಕಚೇರಿಗೆ ತಂತ್ರಾಂಶ ಕೊಳ್ಳುವಾಗ ಅದನ್ನು ದಿನವಿಡೀ ಬಳಸಬೇಕಾದ ಗುಮಾಸ್ತರನ್ನು ಒಂದು ಮಾತು ಕೇಳುವುದಿಲ್ಲ. ಖರೀದಿಗೆ ಮೊದಲು ಅವರಿಂದ ಒಂದು ವಾರ ಬಳಸಿ ನೋಡಿಸಿದರೆ ಅರ್ಧದಷ್ಟು ತೊಡಕು ಅಲ್ಲೇ ಬಯಲಾಗುತ್ತದೆ.

ಈ ಮಾತು ಸರ್ಕಾರಕ್ಕಷ್ಟೇ ಅಲ್ಲ. ಮಠಗಳು ನಡೆಸುವ ಶಾಲೆ, ಕಾಲೇಜು, ವಸತಿನಿಲಯಗಳ ಕಚೇರಿಗಳಿಗೂ ಹೊಸ ತಂತ್ರಾಂಶಗಳು ಬರುತ್ತಿವೆ. ಅಲ್ಲಿನ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೆ. ಮೊದಲು ಮುಖ್ಯಸ್ಥರೇ ಕಲಿಯಲಿ. ಅವರು ಕಾಗದ ಕೇಳಿದ ದಿನ ಹೊಸ ವ್ಯವಸ್ಥೆ ಸತ್ತಂತೆ. ಹಳೆಯ ರಿಜಿಸ್ಟರ್ ನಿಲ್ಲುವ ದಿನಾಂಕವನ್ನು ಮೊದಲೇ ಸಾರಿ, ಆ ದಿನ ನಿಜಕ್ಕೂ ನಿಲ್ಲಿಸಲಿ. ಉಪಕರಣದ ಖರ್ಚು ನೌಕರರ ಜೇಬಿನಿಂದ ಹೋಗದಿರಲಿ. ಕಲಿಕೆಗೆ ಕಚೇರಿ ವೇಳೆಯಲ್ಲೇ ಬಿಡುವು ಕೊಡಲಿ, ಚುರುಕಾಗಿ ಕಲಿತವರೊಬ್ಬರನ್ನು ಉಳಿದವರ ಪಕ್ಕದಲ್ಲಿ ಕೂರಿಸಲಿ. ಐವತ್ತೈದು ದಾಟಿದ ಗುಮಾಸ್ತರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ನಗಬೇಡಿ. ನಾಲ್ಕನೆಯ ಸಲವೂ ಹೇಳಿಕೊಡಿ.

ಸುತ್ತೋಲೆಯಿಂದ ಯಾರೂ ಕಲಿಯುವುದಿಲ್ಲ. ತಮ್ಮ ದುಡಿಮೆ ಹಗುರಾಯಿತು ಎಂದು ಕಂಡ ದಿನ ಎಲ್ಲರೂ ಕಲಿಯುತ್ತಾರೆ.