‘ಕ್ಯಾಟ್’ಗೆ ಕಾಸುಂಟು, ‘ಅರಸ’ನಿಗೆ ಅರ್ಧ ಗಂಟೆಯಿಲ್ಲವೇ?

ಕನ್ನಡದ ತರುಣ ತರುಣಿಯರೇ,

ನಿಮ್ಮ ಮನೆಯಲ್ಲೇ ಒಮ್ಮೆ ಕಣ್ಣಾಡಿಸಿ. ಅಕ್ಕನ ಮಗುವಿಗೆ ಇನ್ನೂ ಐದು ತುಂಬಿಲ್ಲ. ಸಂಜೆಯಾದರೆ ಸಾಕು, ಟ್ಯಾಬ್ ಮುಂದೆ ಕೂರಿಸುತ್ತಾರೆ. ಪರದೆಯ ಆಚೆ ಒಬ್ಬ ಟೀಚರ್, ಈಚೆ ಒಂದೇ ಮಗು. ‘ಕ್-ಆ್ಯ-ಟ್, ಕ್ಯಾಟ್!’ ಇದಕ್ಕೆ ಫೋನಿಕ್ಸ್ ಎಂಬ ಹೆಸರು. ಕ್ಲಾಸಿಗೆ ನೂರಾರು ರೂಪಾಯಿ, ಗೊಣಗದೆ ಕಟ್ಟುತ್ತಾರೆ. ಅದೇ ಮಗುವಿಗೆ ಬಸ್ಸಿನ ಬೋರ್ಡ್ ತೋರಿಸಿ ‘ಓದು ಪುಟ್ಟಾ’ ಎಂದು ನೋಡಿ. ಅಪ್ಪ ಅಮ್ಮ ನಗುತ್ತಾರೆ: ‘ಕನ್ನಡ ತಾನೇ, ಅದಾಗೇ ಬರುತ್ತೆ ಬಿಡಿ!’

ಬರುತ್ತದೆಯೇ? ಮಾತು ಬರಬಹುದು. ಓದು ಮಾತ್ರ ಕಲಿಸದೆ ಬರುವುದಿಲ್ಲ. ಹಾಗೆ ‘ಅದಾಗೇ’ ಬಿಟ್ಟಿದ್ದಕ್ಕೇ ಅಲ್ಲವೇ ಇಂದು ನಮ್ಮ ಗೆಳೆಯರು ವಾಟ್ಸ್ಆ್ಯಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿರುವುದು?

ಇಂಗ್ಲಿಷ್ ಬೇಡವೆಂದು ಯಾರೂ ಹೇಳುತ್ತಿಲ್ಲ. ‘ಪುಟ್’ನಲ್ಲಿ ಒಂದು ಬಗೆ, ‘ಬಟ್’ನಲ್ಲಿ ಇನ್ನೊಂದು ಬಗೆ ಉಲಿಯುವ ‘ಯು’ ಅಕ್ಷರವನ್ನು ಕಲಿಯಲು ಮಗುವಿಗೆ ಜೊತೆಗೊಬ್ಬರು ಬೇಕು, ನಿಜ. ಆ ಕಾಳಜಿಯ ಕಾಲು ಪಾಲಾದರೂ ಕನ್ನಡಕ್ಕೇಕಿಲ್ಲ? ಇದು ನಮ್ಮ ಪ್ರಶ್ನೆ.

ರ, ಗ, ಸ, ದ, ಅ. ಈ ಐದು ಅಕ್ಷರ ಬಂದರೆ ಮಗು ಅರಸ, ಅಗಸ, ಸರ, ಗರಗಸ ಎಲ್ಲವನ್ನೂ ಓದಿಬಿಡುತ್ತದೆ! ಇಷ್ಟು ಸುಲಭವೆಂದು ಅಲ್ಲಿಗೇ ಕೈಬಿಟ್ಟಿರೋ, ಕೆಟ್ಟಿರಿ. ವರ್ಣಮಾಲೆಯ 49 ಅಕ್ಷರ ಮೊದಲ ಮೆಟ್ಟಿಲು ಮಾತ್ರ. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪ. ಮಗು ‘ಬೆಳೆ’ಯನ್ನು ‘ಬೆಲೆ’ ಎಂದರೆ, ಒತ್ತು ನುಂಗಿ ‘ಅಕ್ಕ’ನನ್ನು ‘ಅಕ’ ಮಾಡಿದರೆ, ಆಗಲೇ ಕೇಳಿ ತಿದ್ದುವ ಕಿವಿ ಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಮೇಷ್ಟ್ರಿಗೆ ಎಷ್ಟು ಕಿವಿ? ಒಂದು ಮಗುವಿಗೆ ಒಬ್ಬರು ಎಂಬ ಪಾಠದ ಬಲ ಇರುವುದೇ ಇಲ್ಲಿ.

ಸರ್ಕಾರ ನೋಡಿಕೊಳ್ಳಲಿ ಎನ್ನುವಿರಾ? ತಾಯ್ನುಡಿ ಮಾಧ್ಯಮವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿಯಾಗಿದೆ. ಕನ್ನಡವನ್ನು ಒಂದು ಭಾಷೆಯಾಗಿಯಾದರೂ ಕಲಿಸಿ ಎಂದು 2015ರ ಕಾಯ್ದೆ ಬಂತು. ಕಾಯ್ದೆ ಟೈಂಟೇಬಲ್ಲಿನಲ್ಲಿ ಒಂದು ಪೀರಿಯಡ್ ಕೊಡಿಸಬಲ್ಲದು. ಮಗುವಿನ ಪಕ್ಕ ಕೂತು ಓದಿಸಲಾರದು. ಸಾವಿರಾರು ಮೈಲಿಯಾಚೆ ಅಮೆರಿಕದಲ್ಲಿರುವ ಕನ್ನಡಿಗರು ವಾರಾಂತ್ಯದ ತರಗತಿ ನಡೆಸಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದಾರೆ. ಜಯನಗರ, ರಾಜಾಜಿನಗರದಲ್ಲಿ ಕೂತ ನಮಗೇನು ಧಾಡಿ?

ನವೆಂಬರ್ ಒಂದರಂದು ಬಾವುಟ ಹಿಡಿಯುವ ಕೈ ವಾರಕ್ಕೆರಡು ಸಂಜೆ ಮಕ್ಕಳ ಪುಸ್ತಕ ಹಿಡಿಯಲಿ. ಅಕ್ಕನ ಮಗುವೋ, ಎದುರುಮನೆಯ ಮಗುವೋ, ಒಂದನ್ನು ಆರಿಸಿಕೊಳ್ಳಿ. ದೂರದಲ್ಲಿದ್ದರೆ ವಿಡಿಯೋ ಕಾಲ್ ಇದೆ. ಅಜ್ಜಿ ಮಗುವಿನ ಪಕ್ಕ ಕೂರಲಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಓದುವುದು ಮಗು, ಕೇಳುವುದು ನೀವು. ತಪ್ಪಿದರೆ ಗದರಬೇಡಿ, ಇನ್ನೊಮ್ಮೆ ಓದಿಸಿ. ಅರ್ಧ ಗಂಟೆ ಸಾಕು. ನಿಮಗೇ ಒತ್ತಕ್ಷರ ತಡವರಿಸುತ್ತದೆಯೇ? ನಾಚಿಕೆ ಬೇಡ, ಜೊತೆಗೇ ಕಲಿಯಿರಿ.

ನಾಲಿಗೆಯಲ್ಲಿ ಉಳಿದು ಕಣ್ಣಿಗೆ ಅಪರಿಚಿತವಾದ ಭಾಷೆ ಅಡುಗೆಮನೆಯ ಹೊಸಿಲು ದಾಟುವುದಿಲ್ಲ. ಅದನ್ನು ಕೊಲ್ಲಲು ಹೊರಗಿನ ಶತ್ರು ಬೇಕಿಲ್ಲ. ನಮ್ಮ ‘ಅದಾಗೇ ಬರುತ್ತೆ’ ಸಾಕು.

ಹೇಳಿ, ಈ ಶನಿವಾರ ಸಂಜೆ ಯಾವ ಮಗುವಿಗೆ ಫೋನ್ ಮಾಡುತ್ತೀರಿ?