ಚೀಲ ಕಾಯೋರು ಯಾರು?

ದಸರಾ ರಜೆಗೆ ಸಾರವಾಡದಿಂದ ಅವ್ವ-ಅಪ್ಪ, ವಿಜಯಪುರದಿಂದ ಅಕ್ಕ-ಭಾವ, ಅವರ ಇಬ್ಬರು ಮಕ್ಕಳು ಬೆಂಗಳೂರಿನ ನಮ್ಮ ಮನೆಗೆ ಬರುತ್ತಿದ್ದಾರೆ. ನಾನು, ನನ್ನ ಹೆಂಡತಿ ಸೇರಿ ಎಂಟು ಮಂದಿ. ಒಂದು ದಿನ ಬಿಡದಿಯ ವಂಡರ್‌ಲಾಗೆ ಹೋಗೋಣ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದೆ. ಹುಡುಗರು ಕುಣಿದಾಡುವ ಸ್ಟಿಕರ್ ಕಳಿಸಿದರು. ಅವ್ವ ಒಂದು ವಾಯ್ಸ್ ಮೆಸೇಜ್ ಕಳಿಸಿದಳು: "ಚಲೋ ಆತಪಾ. ನೀವೆಲ್ಲಾ ನೀರಾಗ ಆಡ್ರಿ, ನಾ ಚೀಲಾ ಕಾಯ್ಕೋತ ಕುಂದರತೀನಿ."

ಅದನ್ನ ನಾನು ಆಗ ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಎಕ್ಸೆಲ್ ಶೀಟ್ ತೆಗೆದು ಕುಂತೆ. ನಮ್ಮಂಥವರ ರೋಗ ಇದು, ಪಿಕ್ನಿಕ್ಕಿಗೂ ಪ್ರಾಜೆಕ್ಟ್ ಪ್ಲಾನ್ ಬೇಕು.

ಮೊದಲ ಕಾಲಮ್ಮು ದಿನಾಂಕ. ಶನಿವಾರ, ಭಾನುವಾರ ಜನ ಹೆಚ್ಚು ಅಂತ ಒಂದು ಮಂಗಳವಾರ ಹಾಕಿ, ಆನ್‌ಲೈನ್ ಟಿಕೆಟ್ ತೆಗೆಯೋಕೆ ಹೊರಟೆ. ಹೆಂಡತಿ ಕೇಳಿದಳು, "ಅಕ್ಕಾರಿಗೆ ಕೇಳಿದ್ರೇನ್ರಿ?" ಕೇಳೋದೇನೈತಿ, ರಜಾ ಐತಲ್ಲ ಅಂದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಹತ್ತು ಸೆಕೆಂಡ್ ಆದ ಮೇಲೆ ನನಗೆ ಹೊಳೀತು. ನೀರಿಗೆ ಇಳಿಯೋ ಪ್ರವಾಸದ ದಿನವನ್ನ ಮನೆಯ ಹೆಣ್ಣುಮಕ್ಕಳೇ ಗೊತ್ತು ಮಾಡಬೇಕು. ಟಿಕೆಟ್ಟಿನ ಮೇಲೆ ದಿನಾಂಕ ಇರುತ್ತೆ, ತಿಂಗಳ ಲೆಕ್ಕಕ್ಕೆ ಅದು ಗೊತ್ತಿರೋದಿಲ್ಲ. ಈಗ ಆ ಕಾಲಮ್ಮು ಅಕ್ಕನ ಕೈಯಲ್ಲಿದೆ.

ಆಮೇಲೆ ಪ್ರಯಾಣ. ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕುಲುಕಿ, 500 ಕಿಲೋಮೀಟರಿಗೂ ಹೆಚ್ಚು ಬಂದವರನ್ನ ಅದೇ ದಿನ ಸ್ಲೈಡ್ ಹತ್ತಿಸೋದು ಬೇಡ. ನಡುವೆ ಒಂದು ದಿನ ನಿದ್ದಿ. ಬಿಡದಿ ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್. ಎಂಟು ಮಂದಿ ನನ್ನ ಕಾರಿನಲ್ಲಿ ಹಿಡಿಸೋದಿಲ್ಲ. ಅರ್ಧ ಜನ ನೇರಳೆ ಮೆಟ್ರೋ ಹಿಡಿದು ಚಲ್ಲಘಟ್ಟದ ತನಕ ಹೋಗೋದು (2023ರ ಅಕ್ಟೋಬರಿನಿಂದ ಅಲ್ಲೀತನಕ ಓಡುತ್ತೆ), ಅಲ್ಲಿಂದ ಕ್ಯಾಬ್. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಗೇಟ್ ತೆಗೆಯೋ ಹೊತ್ತಿಗೆ ಅಲ್ಲಿರಬೇಕು. ಒಂದು ಸ್ಲೈಡು ಗಂಟೆಗೆ ಇಂತಿಷ್ಟೇ ಮಂದಿಯನ್ನ ಇಳಿಸಬಲ್ಲದು, ಅದನ್ನ ಜೋರು ಮಾಡೋಕೆ ಬರೋದಿಲ್ಲ. ಹಂಗಾಗಿ ಕ್ಯೂ ಸಣ್ಣದಿರೋದು ಎರಡೇ ಹೊತ್ತು, ಒಂದು ಮೊದಲ ಗಂಟೆ, ಇನ್ನೊಂದು ಎಲ್ಲರೂ ಊಟಕ್ಕೆ ಹೋದಾಗ. ದೊಡ್ಡ ಆಟಗಳನ್ನ ಅಲ್ಲಿಗೆ ಹಾಕಿದೆ.

ಎತ್ತರವನ್ನ ಮನೆಯಲ್ಲೇ ಅಳೀರಿ. ಭಾರೀ ರೈಡುಗಳಿಗೆ ಸಾಮಾನ್ಯವಾಗಿ 140 ಸೆಂಟಿಮೀಟರ್ ಕೇಳತಾರ. ಅಕ್ಕ ಹಿರಿಯ ಮಗನನ್ನ ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗೀಟು ಹಾಕಿದಳು. 138. "ಮಾಮಾ, ದಸರಾ ತನಕ ಎರಡು ಬೆಳೀತೀನಿ" ಅಂತ ದಿನಾ ಬೆಳಗ್ಗೆ ಅದೇ ಗೋಡೆಗೆ ನಿಂತಕೋತಾನಂತ. ಅಲ್ಲಿ ಕ್ಯೂದಾಗ ಅರ್ಧ ತಾಸು ನಿಂತು ಅಳೋದಕ್ಕಿಂತ ಇದು ಎಷ್ಟೋ ವಾಸಿ. ಅಪ್ಪಗೆ ಬಿಪಿ ಇದೆ, ಆತನ ಹೆಸರಿನ ಮುಂದೆ ಜೋರಿನ ರೈಡು ಒಂದೂ ಇಲ್ಲ.

ಬಟ್ಟೆ ಕಾಲಮ್ಮಿಗೆ ಬಂದಾಗ ನಾನು ನಿಂತೆ. ನೀರಿನ ಆಟಗಳಿಗೆ ನೈಲಾನ್, ಲೈಕ್ರಾ ಥರದ ಬಟ್ಟೆಯೇ ಬೇಕು. ಸೀರೆ, ದುಪಟ್ಟಾ, ಹತ್ತಿ ಬಟ್ಟೆ ನಡೆಯೋದಿಲ್ಲ. ಕಾರಣ ಸರಿಯಾಗೇ ಇದೆ. ಸೆರಗು ಸ್ಲೈಡಿನಲ್ಲಿ ಸಿಕ್ಕರೆ ಅಪಾಯ, ಹತ್ತಿಯ ಎಳೆ ಹೋಗಿ ಫಿಲ್ಟರ್ ಕಟ್ಟುತ್ತೆ. ಏಳು ಮಂದಿಯ ಸೈಜ್ ಬರೆದು ಅವ್ವನ ಸಾಲಿಗೆ ಬಂದೆ. ಅಲ್ಲಿ ನಾನೇ ಎರಡು ದಿನದ ಹಿಂದೆ ಬರೆದಿದ್ದೆ: "ಬ್ಯಾಗ್ಸ್".

ಹೋದ ವರ್ಷ ಆಫೀಸಿನವರ ಜೊತೆ ಒಂದು ವಾಟರ್ ಪಾರ್ಕಿಗೆ ಹೋಗಿದ್ದೆ. ಅಲ್ಲಿ ನೆರಳಿನ ಬೆಂಚಿನ ಮೇಲೆ ಸಾಲಾಗಿ ಕುಂತ ಅಮ್ಮಂದಿರು, ಅಜ್ಜಿಯರು. ತೊಡೆ ಮೇಲೆ ಚೀಲ, ಕೈಯಲ್ಲಿ ಯಾರದೋ ಕನ್ನಡಕ, ಯಾರದೋ ಮೊಬೈಲ್. ನೋಡಿ ಮುಂದೆ ಹೋಗಿದ್ದೆ. ನಮ್ಮ ಮನೆ ಆಲ್ಬಮ್ಮಿನಲ್ಲೂ ಇದೇ ಇದೆ. ನಾನು ಏಳನೇ ಇಯತ್ತೆ ಇದ್ದಾಗ ಆಲಮಟ್ಟಿಗೆ ಹೋಗಿದ್ವಿ. ಸಂಗೀತ ಕಾರಂಜಿ ಮುಂದೆ ನಾವೆಲ್ಲಾ ಇದೀವಿ, ಅವ್ವ ಇಲ್ಲ. ರೊಟ್ಟಿ ಬುತ್ತಿ ಹತ್ತಿರ ಕುಂತಿದ್ದಳು.

ಡೋಣಿ ನಮ್ಮೂರ ಮಗ್ಗಲದಾಗೇ ಹರಿದರೂ ನೀರು ಸವಳು. ಸಿಹಿನೀರಿಗಾಗಿ ಅವ್ವ ಎಷ್ಟು ವರ್ಷ ಕೊಡ ಹೊತ್ತಳೋ. ನೀರು ಅಂದರೆ ಅವಳಿಗೆ ತುಂಬಿಡೋದು. ಅದರಾಗ ಇಳಿದು ಆಡಬಹುದು ಅಂತ ಅವಳಿಗೆ ಯಾರೂ ಹೇಳಿಲ್ಲ, ನಾನೂ.

ಫೋನ್ ಮಾಡಿದೆ. "ಯವ್ವಾ, ಈ ಸಲ ನೀನೂ ನೀರಿಗಿಳೀಬೇಕು." ನಕ್ಕಳು. "ಈ ವಯಸ್ಸಿನಾಗ ಅಂಥಾ ಅರಿವಿ ಹಾಕ್ಕೊಳ್ಳಲೇನು? ಮಂದಿ ಏನಂದಾರು?" ನಾನು ಕುಮಟಗಿ ತೆಗೆದೆ. ವಿಜಯಪುರದಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್, ಆದಿಲ್‌ಶಾಹಿಗಳ ಬೇಸಿಗೆ ಮಹಲು. ಕೆರೆ ನಡುವೆ ಮಂಟಪ ಕಟ್ಟಿ, ನೀರನ್ನ ಮೇಲಕ್ಕೇರಿಸಿ, ಕೊಳವೆಯಲ್ಲಿ ತಂದು ಚಾವಣಿಯಿಂದ ಮಳೆಯ ಹಾಗೆ ಸುರಿಸ್ತಿದ್ದರು. ನಮ್ಮ ಜಿಲ್ಲೆಗೆ ರೇನ್ ಡ್ಯಾನ್ಸ್ ಹೊಸದಲ್ಲ ಯವ್ವಾ, ಸುಲ್ತಾನರೇ ಆಡ್ಯಾರ ಅಂದೆ.

"ಆಡಿರಬೇಕಪಾ. ಅವರ ಚೀಲಾ ಕಾಯಾಕ ಆಳು ಇದ್ರಲ್ಲ" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಶೀಟಿಗೆ ವಾಪಸ್ ಬಂದೆ. ಎಂಟು ಮಂದಿಗೆ ಎರಡು ಲಾಕರ್. ಬೆಲೆಬಾಳೋದು ಏನೂ ತರಬಾರದು, ಬಂಗಾರ ಮನೆಯಲ್ಲೇ. ಬೆಂಚಿನ ಪಾಳಿ ಅಂತ ಹೊಸ ಕಾಲಮ್ಮು. ತಾಸಿಗೊಬ್ಬರು ಕೂಡಬೇಕು, ಮೊದಲು ನಾನು, ಆಮೇಲೆ ಭಾವ. ಭಾವಗೆ ಇದು ಅಷ್ಟು ಸೇರಿದಂಗಿಲ್ಲ, ಗ್ರೂಪಿನಲ್ಲಿ ಬರೀ ಒಂದು ಹೆಬ್ಬೆರಳು ಹಾಕಿದರು. ಹೆಂಡತಿ ತುಂಬುತೋಳಿನ, ಪಾದದ ತನಕ ಬರೋ ನೈಲಾನ್ ಡ್ರೆಸ್ಸಿನ ಫೋಟೋಗಳನ್ನ ಅವ್ವನಿಗೆ ಕಳಿಸಿದಳು. ಬೇಡ ಅಂದರೆ ಒತ್ತಾಯ ಮಾಡಬಾರದು ಅಂತಲೂ ಮಾತಾಡಿಕೊಂಡ್ವಿ. ಕೈಹಿಡಿದು ಎಳೆದು ನೀರಿಗೆ ಹಾಕೋದು ಪ್ರೀತಿ ಅಲ್ಲ. ಅಪ್ಪನ ಜೊತೆ ವೇವ್ ಪೂಲಿನ ದಂಡೆಯಲ್ಲಿ, ಹಿಮ್ಮಡಿ ಮುಳುಗೋವಷ್ಟು ನೀರಿನಲ್ಲಿ ನಿಂತರೂ ಸಾಕು.

ಎರಡು ದಿನ ಅವ್ವನಿಂದ ಏನೂ ಇಲ್ಲ. ಮೂರನೇ ರಾತ್ರಿ ಅಪ್ಪ ಮಲಗಿದ ಮೇಲೆ ಇರಬೇಕು, ಸಣ್ಣ ದನಿಯಲ್ಲಿ ಮತ್ತೊಂದು ವಾಯ್ಸ್ ಮೆಸೇಜ್: "ಆ ನೀಲಿ ಬಣ್ಣದ್ದು ಬ್ಯಾಡ, ಕರೀದು ಐತೇನು ನೋಡು. ಮತ್ತ ತಮ್ಮಾ, ತೆರಿ ಬರೋಕಿಂತ ಮೊದಲ ಭೋಂಗಾ ಹೊಡೀತಾರ ಅಂತ ಹುಡುಗೂರು ಅಂದ್ವು. ಹೊಡೆದ ಕೂಡಲೇ ನಾ ಹೊರಗ ಬರಬಹುದಲ್ಲ?"